ಒಂದು ಮಾತೂ ಬಿಡದ ಕೈ

ಜೂನ್ ೪, ಮಂಗಳವಾರ

ಅದಕ್ಕೇ ನಾನು ಹೇಳುತ್ತಿದ್ದದ್ದು, ಅರವತ್ತೆಂಟು ಒಂದು ವಯಸ್ಸೇ ಅಲ್ಲ. ನಿನ್ನೆ ಇದನ್ನು ಬರೆಯುತ್ತಿರುವಾಗಲೇ ನೀರಿನ ಮೀಟರ್ ನೋಡುವವನು ಬಾಗಿಲು ಬಡಿದ, ಮಾತು ಅಲ್ಲಿಗೇ ನಿಂತಿತು. ವಯಸ್ಸಲ್ಲ ಎನ್ನುವುದಕ್ಕೆ ಸಾಕ್ಷಿ ನನ್ನ ಬಲಗೈ. ಕೋರ್ಟಿನಲ್ಲಿ ಸ್ಟೆನೋ ಆಗಿ ಕೂದಲು ಹಣ್ಣಾಗಿಸಿಕೊಂಡವನ ಕೈ ಇದು. ವಕೀಲರು ಎಷ್ಟೇ ಬಡಬಡಿಸಲಿ, ಸಾಕ್ಷಿ ಎಷ್ಟೇ ತೊದಲಲಿ, ಗೆರೆ, ಚುಕ್ಕೆ, ಕೊಕ್ಕೆಗಳ ಶಾರ್ಟ್‌ಹ್ಯಾಂಡಿನಲ್ಲಿ ಎಲ್ಲವೂ ಕಾಗದಕ್ಕೆ ಇಳಿದು ಕೂತಿರುತ್ತಿತ್ತು. ಒಂದು ಮಾತೂ ಬಿಟ್ಟವನಲ್ಲ. ಜಡ್ಜ್ ಸಾಹೇಬರು ಒಮ್ಮೆ ಸೀನಿದ್ದನ್ನೂ ಬರೆದುಬಿಟ್ಟಿದ್ದೆ. ಟೈಪ್ ಮಾಡುವಾಗ ತೆಗೆದೆ.

ಅಂಥವನಿಗೆ ಯೂನಿವರ್ಸಿಟಿಯವರು ನೋಟ್ಸ್ ಮಾಡಿಕೊಳ್ಳುವುದನ್ನು ಕಲಿಸುತ್ತಾರಂತೆ! ಇತಿಹಾಸ ಓದಲು ಸೀಟು ಕೊಡುತ್ತಾರೆ, ಸರಿ. ಆದರೆ ಕಾಲೇಜು ಬಿಟ್ಟು ಬಹಳ ಕಾಲವಾದವರು ಮೊದಲು ತಯಾರಿ ತರಗತಿಗೆ ಹೋಗಬೇಕು. ಓದುವುದು, ನೋಟ್ಸ್ ಮಾಡುವುದು, ಸ್ವಂತ ಮಾತಿನಲ್ಲಿ ಬರೆಯುವುದು, ನಾಲ್ಕು ಜನರ ಮುಂದೆ ನಿಂತು ಹೇಳುವುದು, ಇವೆಲ್ಲ ಅಲ್ಲಿ ಪಾಠ. ಕೊನೆಗೊಂದು ಪರೀಕ್ಷೆ. ಪಾಸಾದರೆ ಒಳಗೆ, ಇಲ್ಲದಿದ್ದರೆ ಸೀಟು ಇನ್ನೊಬ್ಬರಿಗೆ.

ಹೆದರಿಕೆ ನನಗಿಲ್ಲ. ಹಿಂದೆ ಕಾಲೇಜಿನಲ್ಲಿ ಒಂದೂವರೆ ವರ್ಷ ಕೂತವನು. ಕೆಲಸ ಸಿಕ್ಕಿತು, ಬಿಟ್ಟೆ. ಅಲ್ಲಿಂದ ತಂದ ಇಂಗ್ಲಿಷ್ ಇನ್ನೂ ಒಂದಿಷ್ಟು ಉಳಿದಿದೆ: ಡಿಸ್ಕಸ್, ಎನ್ಯೂಮರೇಟ್, ಎಲ್ಯೂಸಿಡೇಟ್. ಎಲ್ಯೂಸಿಡೇಟ್ ಎಂದರೆ ಏನೆಂದು ಆಗಲೂ ಗೊತ್ತಿರಲಿಲ್ಲ. ಆದರೂ ಆ ಪ್ರಶ್ನೆಗೆ ಎರಡು ಹಾಳೆ ಬರೆದು ಪಾಸಾಗಿದ್ದೆ.

ನನ್ನ ಹೆಂಡತಿ ಇದ್ದಿದ್ದರೆ ನಗುತ್ತಿದ್ದಳು. ದಿನಾ ಸಂಜೆ ನಾನು ಚಪ್ಪಲಿ ಬಿಡುವ ಮೊದಲೇ ಕೇಳುತ್ತಿದ್ದಳು, "ಇವತ್ತೇನಾಯ್ತು ಕೋರ್ಟಲ್ಲಿ?" ಎಂದು. ನಾನು, "ಗೊತ್ತಿಲ್ಲ, ನಾಳೆ ಟೈಪ್ ಮಾಡ್ದಾಗ ನೋಡ್ಬೇಕು" ಎನ್ನುತ್ತಿದ್ದೆ. "ಬೆಳಗಿಂದ ಸಂಜೆವರೆಗೂ ಕೇಳಿಸ್ಕೊಂಡು ಬಂದಿದೀರ, ಗೊತ್ತಿಲ್ಲ ಅಂತೀರಲ್ರೀ!" ಎಂದು ಸೆರಗು ಬಾಯಿಗಿಟ್ಟು ನಗುವಳು. ತಮಾಷೆಯಲ್ಲ, ನಿಜ. ಒಳ್ಳೆಯ ಸ್ಟೆನೋಗೆ ಕಿವಿಯಿಂದ ಕೈಗೆ ನೇರ ದಾರಿ. ನಡುವೆ ತಲೆ ಎನ್ನುವ ನಿಲ್ದಾಣದಲ್ಲಿ ಗಾಡಿ ನಿಲ್ಲುವುದಿಲ್ಲ.

ಜೂನ್ ೬, ಗುರುವಾರ

ಮೊದಲ ತರಗತಿ. ಹಿಂದೆ ಚಿತ್ರಕಲೆ ಕಲಿಸುತ್ತಿದ್ದ ಕೋಣೆಯಂತೆ. ಎತ್ತರದ ಸ್ಟೂಲುಗಳು, ಅವುಗಳ ಮೇಲೆ ಒಣಗಿದ ಬಣ್ಣ. ನನ್ನ ಪ್ಯಾಂಟಿಗೆ ಯಾರದೋ ಹಳೆಯ ಆಕಾಶ ಅಂಟಿಕೊಂಡು ಬಂದಿದೆ.

ಮೇಡಂ ನನ್ನ ಮಗಳಿಗಿಂತ ಚಿಕ್ಕವರು. ಕೂದಲಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು, ಆಮೇಲೆ ಅದನ್ನೇ ಮೇಜಿನ ಮೇಲೆಲ್ಲ ಹುಡುಕುತ್ತಾರೆ. ನನ್ನ ಎಡಕ್ಕೆ ಲಿಫ್ಟ್ ರಿಪೇರಿ ಮಾಡುವ ಒಬ್ಬ, ಬಲಕ್ಕೆ ಆಸ್ಪತ್ರೆಯ ನರ್ಸ್ ಒಬ್ಬಾಕೆ. ಆಕೆ ರಾತ್ರಿ ಡ್ಯೂಟಿ ಮುಗಿಸಿ ನೇರ ಬಂದವರು, ಹಾಜರಿ ಕರೆಯುವಾಗಲೇ ನಿದ್ದೆ.

ಮನೆಯ ಕಿಟಕಿಗಳಿಗೆ ಗಾಜು ಬಂದದ್ದು ಹೇಗೆ ಎಂದು ಮೇಡಂ ಮಾತಾಡಿದರು. ಕೇಳಿದ್ದರ ಬಗ್ಗೆ ಬರೆದು ತನ್ನಿ ಎಂದರು. ಮನೆಗೆ ಬಂದು ಶಾರ್ಟ್‌ಹ್ಯಾಂಡನ್ನು ಬಿಡಿಸಿ, ಮುತ್ತಿನಂಥ ಅಕ್ಷರದಲ್ಲಿ ಹನ್ನೊಂದು ಪುಟ ಬರೆದಿದ್ದೇನೆ. ಉಳಿದವರು ಒಂದು ಪುಟ ತಂದರೆ ಹೆಚ್ಚು. ಪಾಪ.

ಜೂನ್ ೯, ಭಾನುವಾರ

ಮಗಳು ಬಂದಿದ್ದಳು. ಅವಳು ಫಿಸಿಯೋಥೆರಪಿ ಮಾಡುವವಳು, ಸೊಂಟ, ಮಂಡಿ ಹಿಡಿದುಕೊಂಡವರನ್ನು ನಡೆಸುತ್ತಾಳೆ. ಹೇಳಿದ್ದನ್ನು ಇದ್ದ ಹಾಗೇ ಬರೆದಿಡುತ್ತೇನೆ, ನನ್ನ ಕೈಗೆ ಅದೊಂದು ಅಭ್ಯಾಸ:

"ಕ್ಲಿನಿಕ್ಕಿಗೆ ಹೊಸ ಮಂಚ ಬಂದಿದೆ ಅಪ್ಪ, ಹತ್ತಿದ್ರೆ ಕಿರ್ ಅನ್ನುತ್ತೆ. ದೊಡ್ಡ ಡಾಕ್ಟರಮ್ಮ ಆಗಸ್ಟಿಗೆ ನಿಲ್ಲಿಸಿಬಿಡ್ತಾರಂತೆ, ಇನ್ನು ಕ್ಲಿನಿಕ್ಕು ನೀನೇ ನಡ್ಸು ಅಂತಿದಾರೆ. ನನ್ನ ಕೈಲಿ ಎಲ್ಲಾಗುತ್ತೆ, ಬೇಡ ಅಂದುಬಿಡ್ತೀನಿ. ಆ ಮುಂದಿನ ರೂಮಿಗೆ ಹಸಿರು ಪರದೆ ಹಾಕಿದ್ರೆ ಕತ್ತಲಾಗುತ್ತೆ, ತಿಳಿ ಹಳದಿ ಆದ್ರೆ ರೋಗಿಗಳ ಮುಖ ಸ್ವಲ್ಪ ಕಳೆಯಾಗಿ ಕಾಣುತ್ತೆ. ಹೇಗೂ ಬೇಡ ಅಂತೀನಲ್ಲ, ನಂಗ್ಯಾಕೆ ಪರದೆ ಚಿಂತೆ. ಅಪ್ಪ, ಬೆರಳು ನಿಲ್ಸು."

ನನ್ನ ಬೆರಳು ಮೇಜಿನ ಮೇಲೆ ಅವಳ ಮಾತನ್ನು ಬರೆದುಕೊಳ್ಳುತ್ತಿತ್ತು. ಯಾರು ಮಾತಾಡಿದರೂ ಅದು ತಾನಾಗಿ ಓಡುತ್ತದೆ. ಅವಳು ಅದರ ಮೇಲೆ ಅಂಗೈ ಒತ್ತಿ ಹಿಡಿದಳು.

"ನೀನು ಕೇಳಿಸ್ಕೊಳ್ತಿಲ್ಲ" ಎಂದಳು.

"ಒಂದಕ್ಷರ ಬಿಡದ ಹಾಗೆ ವಾಪಸ್ ಹೇಳ್ಲೇನು?"

"ಬೇಡಪ್ಪಾ, ಬೇಡ" ಎಂದು ಎದ್ದು ಪಾತ್ರೆ ತೊಳೆಯಲು ಹೋದಳು.

ಕ್ಲಿನಿಕ್, ಮಂಚ, ಪರದೆ. ವಿಶೇಷವೇನಿಲ್ಲ.

ಜೂನ್ ೧೦, ಸೋಮವಾರ

ಸೊನ್ನೆ! ಹನ್ನೊಂದು ಪುಟಕ್ಕೆ ಸೊನ್ನೆ! ಕೆಂಪು ಶಾಯಿಯಲ್ಲಿ, ಗುಂಡಗೆ.

"ಸರ್, ಫೋನಲ್ಲಿ ರೆಕಾರ್ಡ್ ಮಾಡ್ಕೊಂಡು ಬರೆದ್ರಾ?" ಎಂದರು ಮೇಡಂ, ಎಲ್ಲರ ಮುಂದೆ.

"ನನ್ನ ಫೋನಲ್ಲಿ ಗುಂಡಿ ಒತ್ತಿದ್ರೆ ಕಾಲ್ ಹೋಗುತ್ತೆ ಮೇಡಂ. ಅದಕ್ಕಿಂತ ಜಾಸ್ತಿ ಅದಕ್ಕೆ ಏನೂ ಬರಲ್ಲ."

ಶಾರ್ಟ್‌ಹ್ಯಾಂಡ್ ಪ್ಯಾಡ್ ತೆಗೆದು ಅವರ ಮಾತನ್ನು ಅವರಿಗೇ ಓದಿ ತೋರಿಸಿದೆ. "ಒಂದ್ನಿಮಿಷ, ನೀರು ಕುಡೀತೀನಿ, ಅಯ್ಯೋ ನನ್ನ ಪೆನ್ಸಿಲ್ ಎಲ್ಲಿ ಹೋಯ್ತು" ಎಂಬಲ್ಲಿಗೆ ಬಂದಾಗ ಇಡೀ ಕೋಣೆ ನಕ್ಕಿತು, ಮೇಡಂ ಕೂಡ ನಕ್ಕರು. ನಾನು ಗೆದ್ದೆ ಎಂದುಕೊಂಡೆ.

"ತಪ್ಪು ತಿಳ್ಕೊಂಡೆ ಸರ್, ಕ್ಷಮಿಸಿ. ಈಗ ಪ್ಯಾಡ್ ಮುಚ್ಚಿ. ಗಾಜು ಬಂದ್ಮೇಲೆ ಮನೆಯೊಳಗಿನ ಬದುಕಲ್ಲಿ ಏನು ಬದಲಾಯ್ತು? ಒಂದೇ ಮಾತಲ್ಲಿ ಹೇಳಿ ಸಾಕು."

"ಗಾಜು ಬಂತು ಮೇಡಂ" ಎಂದೆ. ಅದೊಂದೇ ಗೊತ್ತಿತ್ತು.

"ಇಲ್ಲಿರೋದೆಲ್ಲ ನನ್ನ ಮಾತು ಸರ್. ನಿಮ್ದು ಎಲ್ಲಿದೆ?" ಎಂದರು. ಗಟ್ಟಿಯಾಗಿಯೂ ಅಲ್ಲ, ಮೆಲ್ಲಗೆ.

ಲಿಫ್ಟಿನವನು ಪಕ್ಕಕ್ಕೆ ವಾಲಿ, "ಅಂಕಲ್, ನಿಮ್ಮ ಲಿಫ್ಟು ಎಲ್ಲಾ ಫ್ಲೋರಲ್ಲೂ ನಿಲ್ಲುತ್ತೆ. ಮೇಲೆ ಹೋಗ್ಬೇಕಾದೋನು ಅಲ್ಲೇ ಮುದುಕ ಆಗ್ತಾನೆ" ಎಂದ.

ಮನೆಗೆ ಬರುವ ದಾರಿಯಲ್ಲಿ ಯೋಚಿಸಿದೆ. ಬರೆದದ್ದೆಲ್ಲ ಮೇಡಂ ಮಾತೇ ಆದರೆ, ಆ ಸೊನ್ನೆಯೂ ಮೇಡಂ ಭಾಷಣಕ್ಕೇ ಸೇರಬೇಕಲ್ಲವೇ? ಇದನ್ನು ಅಲ್ಲೇ ಹೇಳಬೇಕಿತ್ತು. ಇಂಥವೆಲ್ಲ ನನಗೆ ಬಸ್ ಹತ್ತಿದ ಮೇಲೇ ಹೊಳೆಯುವುದು.

ಜೂನ್ ೨೦, ಗುರುವಾರ

ನರ್ಸಮ್ಮ ಇವತ್ತೂ ನಿದ್ದೆ ಮಾಡಿದರು. ತರಗತಿ ಬಿಟ್ಟ ಮೇಲೆ ಕ್ಯಾಂಟೀನಿನಲ್ಲಿ ಹಿಡಿದುಕೊಂಡು, "ಯಜಮಾನ್ರೇ, ನಿಮ್ ಹತ್ರ ಎಲ್ಲಾ ಇರುತ್ತಲ್ಲ, ಸ್ವಲ್ಪ ಹೇಳಿ" ಎಂದರು. ಖುಷಿಯಾಯಿತು. ಪ್ಯಾಡ್ ತೆಗೆದು ಮೊದಲಿನಿಂದ ಓದಿದೆ. ನಾಲ್ಕನೇ ಪುಟಕ್ಕೆ ಬರುವಷ್ಟರಲ್ಲಿ ಆಕೆ ಟೀ ಲೋಟದ ಪಕ್ಕ ತಲೆಯಿಟ್ಟು ಮತ್ತೆ ನಿದ್ದೆ ಹೋಗಿದ್ದರು.

ಎಚ್ಚರವಾದ ಮೇಲೆ ಅವರೇ ನಕ್ಕರು. "ವಾರ್ಡಲ್ಲಿ ಡ್ಯೂಟಿ ಬದಲಾಯಿಸೋವಾಗ ನಾನು ಹಿಂಗೆ ಓದ್ತಾ ಕೂತ್ರೆ, ರೋಗಿ ವಾಸಿಯಾಗಿ ಮನೆಗೆ ಹೋಗಿರ್ತಾನೆ."

"ಮತ್ತೆ ನೀವು ಹೆಂಗೆ ಹೇಳ್ತೀರ?"

"ಕಿಟಕಿ ಪಕ್ಕದ ಮಂಚದ ಅಜ್ಜಿ. ಜ್ವರ ಇಳಿದಿದೆ, ಊಟ ಸೇರ್ತಿಲ್ಲ, ಮಗನ್ನ ಕೇಳ್ತಿದಾರೆ. ಮಗನಿಗೆ ಫೋನ್ ಮಾಡ್ಬೇಕು. ಮುಗೀತು."

"ಅಷ್ಟೇನಾ? ಅಜ್ಜಿ ಆಡಿದ ಮಾತುಗಳು?"

"ಅಜ್ಜಿ ರಾತ್ರಿಯಿಡೀ ಆಡಿದಾರೆ ಯಜಮಾನ್ರೇ. ಎಲ್ಲಾದ್ರಲ್ಲೂ ಇದ್ದಿದ್ದು ಅದೊಂದೇ, ಮಗ ಯಾಕೆ ಬಂದಿಲ್ಲ ಅಂತ."

ಒಪ್ಪಂದವಾಯಿತು. ತರಗತಿಯಲ್ಲಿ ಆಕೆಯ ತಲೆ ವಾಲಿದರೆ ನಾನು ಸ್ಟೂಲು ತಟ್ಟಬೇಕು, ಪುಸ್ತಕದ ಇಂಗ್ಲಿಷ್ ಪದಗಳನ್ನು ಬಿಡಿಸಿ ಹೇಳಬೇಕು. ಅದಕ್ಕೆ ಬದಲಾಗಿ ದಿನಕ್ಕೊಂದು ಪುಟ ಓದಿ, ಪುಸ್ತಕ ಮುಚ್ಚಿ, ವಾರ್ಡಿನಲ್ಲಿ ಹೇಳುವ ಹಾಗೆ ಆಕೆಗೆ ಹೇಳಬೇಕು. ಮೊದಲ ಪದವೇ ಎಲ್ಯೂಸಿಡೇಟ್! ನನ್ನನ್ನೇ ಕೇಳಿದರು. ನಾನು ಕನ್ನಡಕ ಒರೆಸುತ್ತಾ ಕೂತೆ. ಕೊನೆಗೆ ಆಕೆಯೇ ಫೋನಿನಲ್ಲಿ ನೋಡಿ, "ತಿಳಿಯಾಗಿ ಬಿಡಿಸಿ ಹೇಳು ಅಂತಂತೆ" ಎಂದರು. ಇಷ್ಟೇನಾ! ಇದಕ್ಕೆ ಐವತ್ತು ವರ್ಷ ಹೆದರಿದ್ದೆ.

ಜೂನ್ ೨೭, ಗುರುವಾರ

ಹತ್ತಕ್ಕೆ ಮೂರು. ಕಾಲುವೆಗಳ ಬಗ್ಗೆ ಪಾಠ. ದೋಣಿ ಎಳೆಯುವ ಕುದುರೆಯ ಬಗ್ಗೆ ಮೇಡಂ ಹೇಳಿದ ತಮಾಷೆ ಪೂರ್ತಿ ಇದೆಯಂತೆ, ಕಾಲುವೆ ತೋಡಿದ್ದು ಯಾಕೆ ಎಂಬುದು ಬಿಟ್ಟುಹೋಗಿದೆಯಂತೆ.

ಏನು ಇಡಬೇಕು, ಏನು ಬಿಡಬೇಕು ಎಂದು ಯಾರು ಹೇಳಬೇಕು? ನಾನೇ ಹೇಳಬೇಕಂತೆ. ಕೋರ್ಟಿನಲ್ಲಿ ಅದು ಜಡ್ಜ್ ಕೆಲಸ. ನಾನು ಒಂದು ಮಾತು ಬಿಟ್ಟಿದ್ದರೆ ಯಾರೋ ಒಬ್ಬ ಜೈಲಿಗೆ ಹೋಗುತ್ತಿದ್ದ.

ಬೇಡ, ಇವತ್ತು ಹೆಚ್ಚು ಬರೆಯುವುದಿಲ್ಲ. ಮೊಟ್ಟೆ ಬೇಯಿಸಲು ಇಟ್ಟು ಮರೆತೆ, ನೀರು ಆರಿ ಪಾತ್ರೆ ಕಪ್ಪಾಯಿತು.

ಜುಲೈ ೧, ಸೋಮವಾರ

ಸಿಕ್ಕಿದ್ದರ ಮೇಲೆಲ್ಲ ಅಭ್ಯಾಸ. ರೇಡಿಯೋ ವಾರ್ತೆ ಕೇಳಿ, ಆರಿಸಿ, ಗೋಡೆಗೆ ಹೇಳುತ್ತೇನೆ. ಪಕ್ಕದ ಮನೆಯ ದರ್ಜಿ ಮೆಟ್ಟಿಲ ಮೇಲೆ ನಿಲ್ಲಿಸಿಕೊಂಡು ನನ್ನ ಕಾಲು ಜೋಮು ಹಿಡಿಯುವ ತನಕ ಮಾತಾಡಿದರು. ಸಾರಾಂಶ: ಚರಂಡಿ ಪೈಪು ಒಡೆದಿದೆ. ಒಡೆದದ್ದು ಅವರೇ. ಅದೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಹೇಳಿದರು.

ನರ್ಸಮ್ಮನಿಗೆ ಹೇಳಿದೆ. "ನೋಡಿ, ಅವರು ಹೇಳ್ದೇ ಇದ್ದಿದ್ದೂ ನಿಮಗೆ ಕೇಳಿಸ್ತಲ್ಲ!" ಎಂದು ಮೇಜು ಕುಟ್ಟಿ ನಕ್ಕರು. ಅಷ್ಟು ನಗುವಂಥದ್ದೇನಿತ್ತೋ.

ಜುಲೈ ೭, ಭಾನುವಾರ

ಮಲಗುವ ಕೋಣೆಯ ಕಿಟಕಿಗೆ ಅಡ್ಡವಾಗಿ ಹೆಂಡತಿಯ ಬಟ್ಟೆಯ ಬೀರು ಇತ್ತು. ಬರೆಯುವ ಮೇಜಿಗೆ ಬೆಳಕು ಬೇಕಲ್ಲ, ಅದನ್ನು ಹೊರಗಿನ ಕೋಣೆಗೆ ಸಾಗಿಸೋಣವೆಂದು ಮಗಳನ್ನು ಕರೆದಿದ್ದೆ. ಅಮ್ಮ ಹೋದಾಗಿನಿಂದ, ಎರಡು ವರ್ಷದಿಂದ ಮಗಳೇ ಹೇಳುತ್ತಿದ್ದಳು, ನಾನು ಬೇಡವೆನ್ನುತ್ತಿದ್ದೆ. ಮೇಜು ಇಡಬೇಕಲ್ಲ, ಅದಕ್ಕೆ.

ಬೀರು ಬಾಗಿಲಿನಲ್ಲಿ ಸಿಕ್ಕಿಹಾಕಿಕೊಂಡಿತು. ಅವಳು ಆಚೆ, ನಾನು ಈಚೆ, ನನ್ನ ಎರಡೂ ಕೈ ಬೀರುವಿನ ಅಡಿಯಲ್ಲಿ. ಕೆಳಗಿಟ್ಟರೆ ಬೆರಳು ಜಜ್ಜಿಹೋಗುತ್ತದೆ. ಅಷ್ಟರಲ್ಲಿ ಅವಳು ಆಚೆಯಿಂದ ಶುರು ಮಾಡಿದಳು. ಮುಖ ಕಾಣದು, ದನಿ ಮಾತ್ರ. ದೊಡ್ಡ ಡಾಕ್ಟರಮ್ಮ ಮತ್ತೆ ಕೇಳಿದರಂತೆ, ಇವಳು ಬೇಡ ಅಂದುಬಿಡುತ್ತಾಳಂತೆ, ಮಂಚದ ಕೀಲಿಗೆ ಇವಳೇ ಎಣ್ಣೆ ಬಿಟ್ಟಳಂತೆ, ಬಾಗಿಲು ಇನ್ನೊಂದು ಕಡೆಗೆ ತೆರೆದುಕೊಂಡರೆ ಗಾಲಿಕುರ್ಚಿ ಸಲೀಸಾಗಿ ಒಳಗೆ ಬರುತ್ತದಂತೆ, ಹೇಗೂ ತನಗಾಗದು ಅಂತೆ. ಇದೇ ಮಾತು ಸುತ್ತಿ ಸುತ್ತಿ. ನನ್ನ ಬೆರಳಿಗೆ ಓಡಲು ಜಾಗವಿರಲಿಲ್ಲ.

"ಬೇಡ ಅಂತ ಹೇಳಿದ್ಯಾ?" ಎಂದೆ.

"ಇನ್ನೂ ಇಲ್ಲ."

"ಹೇಳಲ್ಲ ನೀನು."

"ಯಾಕಪ್ಪ?"

"ಪರದೆ ಆರಿಸಿಟ್ಟಿದೀಯ. ಬಾಗಿಲು ತಿರುಗಿಸಿಟ್ಟಿದೀಯ. ಮನಸ್ಸಲ್ಲಿ ಕ್ಲಿನಿಕ್ಕು ಆಗ್ಲೇ ನಡೆಸ್ತಿದೀಯ ಮಗಳೇ. ನಿಂಗೆ ಬೇಕಾಗಿರೋದು, ನಿನ್ನ ಕೈಲಾಗುತ್ತೆ ಅಂತ ಯಾರಾದ್ರೂ ಹೇಳೋದು ಅಷ್ಟೇ. ನಿನ್ನ ಕೈಲಾಗುತ್ತೆ."

ಆಚೆ ಅವಳು ತಳ್ಳುವುದನ್ನೇ ನಿಲ್ಲಿಸಿದಳು. ಬೀರು ಪೂರ್ತಿ ನನ್ನ ಕಡೆಗೆ ವಾಲಿತು.

"ಇದೀಯಾ? ಭಾರ ಕಣೇ!"

"ಇದೀನಪ್ಪ" ಎಂದಳು. ಮೂಗು ಕಟ್ಟಿದ ಹಾಗಿತ್ತು ದನಿ. ಧೂಳು ಬಹಳ, ಬೀರುವಿನ ಹಿಂದೆ ಯಾವ ಕಾಲದಿಂದ ಗುಡಿಸಿಲ್ಲವೋ. ಆಮೇಲೆ ಸ್ವಲ್ಪ ಓರೆ ಮಾಡಿದೆವು, ಹೊರಗೆ ಬಂತು. ಹೋಗುವಾಗ ಯಾಕೋ ಎರಡು ಸಲ ನನ್ನ ಕೈ ಹಿಡಿದು ಅಲ್ಲಾಡಿಸಿದಳು.

ಮೇಜು ಕಿಟಕಿಗೆ ಸರಿಯಾಗಿ ಕೂತಿದೆ.

ಜುಲೈ ೧೮, ಗುರುವಾರ

ಹತ್ತಕ್ಕೆ ಆರು. ಲಿಫ್ಟಿನವನಿಗೂ ಆರು. "ಅಂಕಲ್, ಒಂದೇ ಫ್ಲೋರಲ್ಲಿದೀವಿ" ಎಂದ.

ಜುಲೈ ೨೫, ಗುರುವಾರ

ಪರೀಕ್ಷೆ ಮುಗಿಯಿತು.

ಒಂದು ಭಾಷಣ ಕೇಳಬೇಕು. ಕೇಳಿದ್ದನ್ನು ಸ್ವಂತ ಮಾತಿನಲ್ಲಿ ಒಂದು ಪುಟ ಬರೆಯಬೇಕು. ಆಮೇಲೆ ಎದ್ದು ನಿಂತು, ಕಾಗದ ನೋಡದೆ ತನ್ನ ಅಭಿಪ್ರಾಯ ಹೇಳಬೇಕು. ವಿಷಯ ಗಡಿಯಾರ. ಹಿಂದೆ ಊರೂರಿಗೂ ಅದರದೇ ಗಂಟೆ ಇತ್ತಂತೆ, ನೆತ್ತಿಯ ಮೇಲೆ ಸೂರ್ಯ ಬಂದಾಗ ಅಲ್ಲಿಗೆ ಮಧ್ಯಾಹ್ನ. ರೈಲು ಬಂದ ಮೇಲೆ ಎಲ್ಲ ಊರಿಗೂ ಒಂದೇ ಗಂಟೆ ಬೇಕಾಯಿತಂತೆ.

ಮೇಡಂ ಬಾಯಿ ತೆರೆದದ್ದೇ ತಡ, ನನ್ನ ಕೈ ಹೊರಟೇಬಿಟ್ಟಿತು. ಅರ್ಧ ಪುಟ ತುಂಬಿದ್ದು ನನಗೇ ಗೊತ್ತಾಗಲಿಲ್ಲ. ಅವರು ಏನು ಹೇಳುತ್ತಿದ್ದಾರೆ? ಗೊತ್ತಿಲ್ಲ! ಸೀಟು ಹೋಯಿತು ಎಂದೇ ಅಂದುಕೊಂಡೆ. ಪೆನ್ಸಿಲನ್ನು ನರ್ಸಮ್ಮನ ಮುಂದಿಟ್ಟು, ಎರಡೂ ಅಂಗೈಯನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತೆ, ಕೈಗೆ ಹೊಡೆಯುತ್ತಾರೆಂದು ಬಚ್ಚಿಡುವ ಮಕ್ಕಳ ಹಾಗೆ. ಬೆರಳುಗಳು ಅಡಿಯಲ್ಲಿ ಇರುವೆಯಂತೆ ಹರಿದಾಡಿದವು. ಸ್ವಲ್ಪ ಹೊತ್ತಿಗೆ ಸುಮ್ಮನಾದವು. ಆಗ ಮೇಡಂ ಮುಖ ನೋಡಿದೆ. ಮಾತಾಡುವಾಗ ಅವರ ಹುಬ್ಬು ಮೇಲೇರುತ್ತದೆ. ಮುಖ್ಯವಾದದ್ದನ್ನು ಹೇಳುವ ಮೊದಲು ಒಂದು ಕ್ಷಣ ನಿಲ್ಲುತ್ತಾರೆ. ಇಷ್ಟು ದಿನ ಇದನ್ನು ನೋಡೇ ಇರಲಿಲ್ಲ, ಕಣ್ಣು ಕಾಗದದ ಮೇಲೇ ಇರುತ್ತಿತ್ತಲ್ಲ.

ಬರೆದೆ. ಪುಟದ ಕೆಳಗೆ ಜಾಗ ಉಳಿಯಿತು.

ಹೇಳುವ ಸರದಿ ಬಂದಾಗ ಎದ್ದೆ. "ಎಲ್ಲರಿಗೂ ಒಂದೇ ಗಂಟೆ ಆದ್ಮೇಲೆ ಪ್ರಪಂಚದಲ್ಲಿ ಹೊಸದೊಂದು ತಪ್ಪು ಹುಟ್ಕೊಳ್ತು" ಎಂದೆ. "ತಡವಾಗಿ ಬರೋದು. ಅದಕ್ಕೆ ಮುಂಚೆ ಮನುಷ್ಯ ಬಂದಾಗ ಬರ್ತಿದ್ದ. ಕೋರ್ಟಲ್ಲಿ ನೋಡಿದೀನಿ, ಎಷ್ಟೋ ದೂರದಿಂದ ನಡ್ಕೊಂಡು ಬಂದೋನು ಬಾಗಿಲಲ್ಲಿ ನಿಂತಿರ್ತಾನೆ, ಕೇಸು ಕೂಗಿ ಮುಗಿದಿರುತ್ತೆ. ಗಡಿಯಾರ ಊರುಗಳನ್ನ ಹತ್ರ ತಂತು, ಸರಿ. ಆದ್ರೆ ಗಡಿಯಾರ ಇಲ್ಲದೋನನ್ನ ದೂರ ಮಾಡ್ತು." ಇನ್ನೂ ಒಂದೆರಡು ಹೇಳಿದೆ. ಹೆನ್ಸ್‌ಫೋರ್ತ್ ಎಂಬ ಕಾಲೇಜಿನ ಕಾಲದ ಪದವನ್ನೂ 'ಇನ್ನು ಮುಂದೆ' ಎನ್ನುವ ಕಡೆ ಸೇರಿಸಿದೆ, ಸುಮ್ಮನೆ ವ್ಯರ್ಥವಾಗಬಾರದಲ್ಲ.

ಮೇಡಂ ಕೂದಲಿನಿಂದ ಪೆನ್ಸಿಲ್ ತೆಗೆದರು, ಈ ಸಲ ಹುಡುಕದೆ.

"ಸರ್, ಇದು ನಾನು ಹೇಳಿರ್ಲಿಲ್ಲ" ಎಂದರು.

"ಗೊತ್ತು ಮೇಡಂ" ಎಂದೆ.

ಆಗಸ್ಟ್ ೧, ಗುರುವಾರ

ಪಾಸು. ನರ್ಸಮ್ಮನೂ ಪಾಸು, ನಿಂತಲ್ಲೇ ಕುಣಿದರು. ಲಿಫ್ಟಿನವನೂ ಪಾಸು. ಈ ತಿಂಗಳಿನಿಂದಲೇ ಯೂನಿವರ್ಸಿಟಿ. ಮಗಳಿಗೆ ಫೋನ್ ಮಾಡಿದೆ. ಹಿಂದೆ ಸುತ್ತಿಗೆಯ ಸದ್ದು ಕೇಳುತ್ತಿತ್ತು, ಕ್ಲಿನಿಕ್ಕಿನ ಬಾಗಿಲು ತಿರುಗಿಸಿ ಕೂರಿಸುತ್ತಿದ್ದಾರಂತೆ.

ಮನೆಗೆ ಬಂದು ಚಪ್ಪಲಿ ಬಿಟ್ಟು, ಟೀಗೆ ನೀರಿಟ್ಟು, ಒಲೆಯ ಹತ್ತಿರ ನಿಂತು ಇಲ್ಲದ ಹೆಂಡತಿಗೆ ಹೇಳಿದೆ, "ಇವತ್ತೇನಾಯ್ತು ಅಂದ್ರೆ" ಎಂದು. ಪಾಸಾಗಿದ್ದು, ಕುಣಿದದ್ದು, ಸುತ್ತಿಗೆ ಸದ್ದು. ನೀರು ಕುದಿಯುವಷ್ಟರಲ್ಲಿ ಮುಗಿಯಿತು. ಏನನ್ನೂ ನೋಡಿಕೊಂಡು ಹೇಳಬೇಕಾಗಲಿಲ್ಲ. ಟೀಗೆ ಸಕ್ಕರೆ ಸ್ವಲ್ಪ ಹೆಚ್ಚಾಯಿತು.

ಈಗ ಬೀರು ಇದ್ದ ಜಾಗದಲ್ಲಿ, ಮೇಜಿನ ಮುಂದೆ ಕೂತಿದ್ದೇನೆ. ಹೊರಗೆ ಗಾಳಿ ಜೋರಾಗಿದೆ, ಎದುರಿನ ಮರ ಬಗ್ಗಿ ಬಗ್ಗಿ ಏಳುತ್ತಿದೆ, ಇಲ್ಲಿ ಒಂದು ಹಾಳೆಯೂ ಅಲುಗುತ್ತಿಲ್ಲ. ಮೇಡಂ ಮೊದಲ ವಾರ ಕೇಳಿದ ಪ್ರಶ್ನೆಗೆ ಉತ್ತರ ಇದೇ ಇರಬೇಕು. ಗಾಜು ಬರುವ ಮುಂಚೆ ಮನುಷ್ಯ ಗಾಳಿಗೆ ಕಿಟಕಿ ಮುಚ್ಚಿದರೆ ಬೆಳಕನ್ನೂ ಮುಚ್ಚಬೇಕಾಗಿತ್ತು. ಆಮೇಲೆ ಬೇಕಾದದ್ದನ್ನು ಒಳಗೆ ಬಿಟ್ಟುಕೊಂಡು, ಬೇಡದ್ದನ್ನು ಹೊರಗೇ ನಿಲ್ಲಿಸಿ, ಹೀಗೆ ಕೂತು ಓದಬಹುದಾಯಿತು. ಸೋಮವಾರ ಹೋಗಿ ಹೇಳಿಬರುತ್ತೇನೆ. ಒಂದೇ ಮಾತು ಸಾಕು ಎಂದಿದ್ದರು, ಎರಡು ಆಯಿತು, ಇರಲಿ.

ಬರೆಯುತ್ತಿರುವ ಸಾಲುಗಳು ಒಂದರ ಮೇಲೊಂದು ಹತ್ತುತ್ತಿವೆ. ಕನ್ನಡಕ ಒರೆಸಿದೆ, ತಪ್ಪು ಕನ್ನಡಕದ್ದಲ್ಲ. ಬೆಳಕು ಹೋಗುತ್ತಿದೆ.